ಹರವಿಯ ಹಿಂದಿನ ಹಸಿರು

ಅಲ್ಲ, ನಿನ್ನೆ ನಿನಗೆ ಬರೆದೆನಲ್ಲ, ಅಕ್ಕಿ ತೊಳೆದ ನೀರು ಹಾಕಿ ನಾನು ಬೆಳೆಸಿದ ಪಾಚಿ, ಅದೀಗ ಒಂದು ಮೊಳ ಅಗಲವಾಗಿದೆ. ಮಸ್ಕಿಯ ಈ ಬಿಸಿಲಿನಲ್ಲಿ! ನಿಜಾಮ ಸರ್ಕಾರದ ಬಂಗಲೆಯ ತೋಟದಲ್ಲೂ ಇಂಥದಿಲ್ಲ. ಹೈದರಾಬಾದಿನ ಕಾಲೇಜಿನಲ್ಲಿ ಇದಕ್ಕೆ ಮಾಸ್ ಅಂತ ಕಲಿಸಿದ್ದರು. ಮುಂದಿನ ಇಂಗ್ಲಿಷೆಲ್ಲ ಮರೆತಿದೆ.

ಇವತ್ತು ನಿನ್ನ ತಂಗಿ ಯಮನಮ್ಮ ಯುಗಾದಿಗೆಂದು ಹಿತ್ತಲು ತೊಳೆಯಲು ಬಂದಳು. ಬೂದಿ, ತೆಂಗಿನ ನಾರು ಹಿಡಿದು ನೀರಿನ ಹರವಿಯ ಕಟ್ಟೆಯ ಆ ಪಾಚಿಗೆ ಕೈ ಹಾಕಿದಳು. ಓಡಿಹೋಗಿ ಅಡ್ಡ ನಿಂತೆ.

"ಹಬ್ಬದಾಗ ಹಾವಸಿ ಕಾಯೋರ್ನ ನಿಮ್ಮೊಬ್ಬರನ್ನ ನೋಡೀನಿ ನೋಡ್ರಿ, ಮಾವಾ!"

"ಮೊದಲ ಮುಟ್ಟಿ ನೋಡು ಬೇ."

ಅಂಗೈ ಇಟ್ಟಳು. "ಅಯ್ಯ, ಎಳಗರುವಿನ ಮೈ ಇದ್ದಂಗ ಐತಿ!" ಎಂದವಳೇ ನಾರು ಬಿಸಾಡಿ, ಒಂದು ಚರಿಗೆ ನೀರು ತಾನೇ ಚಿಮುಕಿಸಿದಳು. ಎದೆಯುಬ್ಬಿ ನಿಂತೆ.

ಮದುವೆಯಾದಾಗಿನಿಂದ ನೀನಿದ್ದಷ್ಟು ದಿನ ಪ್ರತಿ ಯುಗಾದಿಗೂ ನಾನೇ ನಿಂತು ನಿನ್ನಿಂದ ಅದನ್ನು ಉಜ್ಜಿಸುತ್ತಿದ್ದೆ. ಹರವಿಯ ಹಿಂದೆ ಮಾತ್ರ ನಾಲ್ಕು ಬೆರಳಿನಷ್ಟು ಉಳಿಯುತ್ತಿತ್ತು. "ಅಲ್ಲಿಗೆ ಕೈ ಹೋಗಂಗಿಲ್ರಿ" ಅನ್ನುತ್ತಿದ್ದೆ ನೀನು. ನೀನು ತೀರಿಕೊಂಡ ಮೇಲೆ ಒಂದು ದಿನ ನಾನೇ ಕೈ ಹಾಕಿ ನೋಡಿದೆ. ಮೊಳಕೈವರೆಗೂ ಸಲೀಸಾಗಿ ಹೋಯಿತು.

ಇಷ್ಟೆಲ್ಲ ಬೆಳೆದದ್ದು ನೀನು ಉಳಿಸಿದ ಆ ನಾಲ್ಕು ಬೆರಳಿನಷ್ಟು ಹಸಿರಿನಿಂದಲೇ. ಬೆಳಕು ಇಳಿಯುತ್ತಿದೆ, ಬರೆದ ಸಾಲು ಕಾಣುತ್ತಿಲ್ಲ.