ಮೆಟ್ಟಿಲ ಮೇಲೆ ಕೇಳಿದ ಹಾಡು

ಅಪ್ಪಾ,

ಅಮ್ಮ ಮದುವೆಗೆ ಮುಂಚೆ ಹಿಮ್ಮೇಳದಲ್ಲಿ ನಿಂತು ಹಾಡಿದ್ದ, ಕೆಲವೇ ಪ್ರದರ್ಶನಗಳಾಗಿ ಎಲ್ಲರೂ ಮರೆತಿದ್ದ ಆ ಸಂಗೀತ ನಾಟಕವನ್ನು ಇವತ್ತು ಮತ್ತೆ ರಂಗಕ್ಕೆ ತಂದೆವು. ನಾಯಕಿ ನಾನೇ. ಅಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಅದರ ದೋಣಿಯ ಹಾಡು ನಿನಗೆ ಗೊತ್ತು. ಅಮ್ಮ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ನಿನ್ನ ಕೀಲಿಕೈ ಸದ್ದಾದರೆ ತಟ್ಟನೆ ನಿಲ್ಲಿಸುತ್ತಿದ್ದಳು. ಇವತ್ತು ನಾನು ಹಾಡುವಾಗ ದೀಪಗಳಾಚೆ ಸಭಾಂಗಣವೆಲ್ಲ ಕತ್ತಲ ನೀರಾಗಿ ಅಲುಗುತ್ತಿತ್ತು, ನಿಜವಾಗಿಯೂ ದೋಣಿಯಲ್ಲಿ ಕೂತ ಹಾಗೆ. ಕೊನೆಯ ಚರಣದ ನಡುವೆ ಹಿಂದಿನ ಬಾಗಿಲು ಕಿರ್ರೆಂದಿತು. ತಡವಾಗಿ ಬಂದವರು ಯಾರೋ. ನನ್ನ ದನಿ ತಾನಾಗಿ ನಿಂತಿತು. ಅಮ್ಮನೂ ತಟ್ಟನೆ ತಿರುಗಿ ನೋಡಿದಳು. ಪಿಯಾನೋ ನುಡಿಸುತ್ತಿದ್ದವರು ಅದೇ ಸಾಲನ್ನು ಮತ್ತೊಮ್ಮೆ ನುಡಿಸಿ ಕಾದರು. ನಾನು ಮುಂದಕ್ಕೆ ಹಾಡಿದೆ.

ಆಮೇಲೆ ಅಮ್ಮ ಮೇಕಪ್ ಕೋಣೆಗೆ ಬಂದು ನನ್ನ ತಲೆಯ ಪಿನ್ನು ತೆಗೆಯುತ್ತಾ, "ನಿಮ್ಮಪ್ಪ ಬದುಕಿದ್ದಿದ್ರೆ ಅರ್ಧಕ್ಕೇ ಎದ್ದು ಹೋಗ್ತಿದ್ರು. ಹಾಡು ಅಂದ್ರೆ ಅವ್ರಿಗೆ ಅಷ್ಟಕ್ಕಷ್ಟೇ," ಎಂದು ನಕ್ಕಳು.

"ಹಾಗೇನಿಲ್ಲಮ್ಮ."

"ಸುಮ್ನಿರೇ, ಅವ್ರ ಜೊತೆ ಸಂಸಾರ ಮಾಡಿದ್ದು ನಾನೋ ನೀನೋ?"

ಉಳಿದ ಪಿನ್ನು ನಾನೇ ತೆಗೆದುಕೊಂಡೆ. ಎಷ್ಟೋ ಸಂಜೆ ನೀನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಹಾಡು ನಿಲ್ಲದಿರಲೆಂದು ಹೊರಗೆ ಮೆಟ್ಟಿಲ ಮೇಲೇ ನಿಂತಿರುತ್ತಿದ್ದುದನ್ನು ಕಂಡವಳು ನಾನೊಬ್ಬಳೇ. ಅಮ್ಮನಿಗೆ ಹೇಳಬೇಡವೆಂದು ನೀನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದೆ.

ಈಗಲಾದರೂ ಆ ಬೆರಳು ತೆಗೆ, ಅಪ್ಪಾ.