ಬೆಳ್ಳಿಯ ಮೇಲಿನ ಕುಂಕುಮ

ಹಾಗಂತ ನಾನು ಜಗಳಕ್ಕೇನೂ ಹೋಗಿರಲಿಲ್ಲ, ಹೇಮಾ. ನೀನು ತೀರಿಕೊಂಡ ಮೇಲೆ ಇದೇ ಮೊದಲ ಸಲ ಸೀತಾಬರ್ಡಿ ಪೇಟೆಯ ನಾಣ್ಯ ಪ್ರದರ್ಶನಕ್ಕೆ ಹೋಗಿದ್ದೆ. ಒಬ್ಬ ವ್ಯಾಪಾರಿ ಹೊಸ ಬೆಳ್ಳಿ ನಾಣ್ಯಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ, ಒಳಗೆ ಸಿನಿಮಾ ನಟನೊಬ್ಬ ಸಹಿ ಹಾಕಿದ ಚೀಟಿ ಇಟ್ಟು ಮಾರುತ್ತಿದ್ದ. ಸಹಿ ಇದ್ದರೆ ಬೆಲೆ ಮೂರು ಪಟ್ಟಂತೆ. ಆ ನಟ ನಾಣ್ಯವನ್ನು ಮುಟ್ಟಿಯೂ ಇರಲಿಕ್ಕಿಲ್ಲ!

ನಾನು ನಮ್ಮ ನೂರು ರೂಪಾಯಿಯ ಬೆಳ್ಳಿ ನಾಣ್ಯ ತೋರಿಸಿದೆ. ಅದೇ, ನೀನು ದೀಪಾವಳಿಗೆ ವಿಭೂತಿ ಹಚ್ಚಿ ತಿಕ್ಕಿ, ಕುಂಕುಮವಿಟ್ಟು ಪೂಜೆಗೆ ಇಟ್ಟಿದ್ದೆಯಲ್ಲ, ಅದು. "ಲಕ್ಷ್ಮಿ ಅಲ್ಲೇನ್ರಿ ಇದು?" ಅಂದಿದ್ದೆ ನೀನು. ತಿಕ್ಕಿದರೆ ನಾಣ್ಯದ ಬೆಲೆಯೇ ಹೋಗುತ್ತದೆ ಎಂದು ಅವತ್ತು ನಾನು ಕೂಗಾಡಿದ ನಂತರ ನನ್ನ ಯಾವ ನಾಣ್ಯವನ್ನೂ ನೀನು ಮುಟ್ಟಲಿಲ್ಲ.

"ಅರೆ ಕಾಕಾಜಿ, ತಿಕ್ಕಿ ಮೂಲ ಹೊಳಪೆಲ್ಲ ಬರ್ಬಾದ್! ಈ ಕೆಂಪು ಕಲೆ ಒರೆಸಿ, ಸಹಿ ಚೀಟಿ ಹಾಕಿ ಸೀಲ್ ಮಾಡ್ತೀನಿ. ಯಾರಾದ್ರೂ ತಗೊಂಡಾರು," ಎನ್ನುತ್ತ ಅವನು ಹತ್ತಿಯನ್ನು ಒದ್ದೆ ಮಾಡಿಕೊಂಡ.

"ಐ ಬೆಗ್ ಟು ಡಿಫರ್," ಎಂದೆ. ಕಾಲೇಜಿನ ಇಂಗ್ಲಿಷು ಅಲ್ಲಿಗೇ ಮುಗಿಯಿತು. ಉಳಿದದ್ದನ್ನು ಹಿಂದಿಯಲ್ಲೇ ಹೇಳಿದೆ: "ಹತ್ತಿ ಕೆಳಗಿಡು. ಇದಕ್ಕೆ ಆಗಲೇ ಸಹಿ ಬಿದ್ದಿದೆ."

"ಯಾರದ್ದು? ದೊಡ್ಡ ಸ್ಟಾರಾ?"

"ನಿನ್ನ ಕಾಕೂದು, ನನ್ನ ಹೆಂಡತೀದು."

ಅವನು ನಕ್ಕ. ನಗಲಿ. ಆ ಕುಂಕುಮದಲ್ಲಿ ನಿನ್ನ ಉಂಗುರಬೆರಳಿನ ಗೆರೆಗಳಿವೆ. ಮನೆಗೆ ಬಂದಾಗಿನಿಂದ ಭೂತಗನ್ನಡಿ ಹಿಡಿದು ಅದನ್ನೇ ನೋಡುತ್ತ ಕೂತಿದ್ದೆ. ಈಗ ಬೆಳಕು ಇಳಿಯುತ್ತಿದೆ, ಗೆರೆ ಕಾಣುತ್ತಿಲ್ಲ. ಎದ್ದು ದೇವರಿಗೆ ದೀಪ ಹಚ್ಚಬೇಕು. ನಾಣ್ಯವನ್ನು ನೀನಿಟ್ಟಿದ್ದ ಜಾಗದಲ್ಲೇ ಇಡುತ್ತೇನೆ. ಯಾರು ಬೇಡ ಅನ್ನುತ್ತಾರೋ ನೋಡೇಬಿಡೋಣ.