ದ್ರಾಕ್ಷಿ ಬಾರದ ಮನೆ

ಅಮೀರ್‌ಪೇಟ್, ಹೈದರಾಬಾದ್

ಪ್ರೀತಿಯ ಅವ್ವನಿಗೆ,

ಸೀಮಂತದ ಕುಬಸಕ್ಕೆ ಹಸಿರು ಸೀರೆ ತರಬೇಡ. ತಿಂಗಳ ಲೆಕ್ಕಕ್ಕೆ ಮೀರಿ ಬೆಳೆದಿದ್ದ ನನ್ನ ಹೊಟ್ಟೆಯಲ್ಲಿ ಮಗು ಇರಲೇ ಇಲ್ಲವಂತೆ. ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳಿದ್ದವು. ಎಲ್ಲ ತೆಗೆದಿದ್ದಾರೆ. ಆದರೂ ರಕ್ತ ಪರೀಕ್ಷೆ ನನ್ನನ್ನು ಇನ್ನೂ ಬಸುರಿ ಎನ್ನುತ್ತಿದೆ.

ತಾಯಿಗೂ ಹೀಗಾಗಿತ್ತೇ ಎಂದು ಡಾಕ್ಟರಮ್ಮ ಕೇಳಿದರು. ಇಲ್ಲ ಎಂದೆ. ಮನೆಗೆ ಬಂದ ಮೇಲೆ ನೆನಪಾಯಿತು. ವಿಜಯಪುರದಲ್ಲಿ ಎಲ್ಲರ ಮನೆಯಲ್ಲೂ ದ್ರಾಕ್ಷಿ, ನಮ್ಮಲ್ಲಿ ಮಾತ್ರ ಇಲ್ಲ. ಒಮ್ಮೆ ಅಪ್ಪ ತಂದಾಗ ನೀನು "ಇವನ್ನ ಒಳಗ ತರಬ್ಯಾಡ್ರಿ" ಎಂದು ಚೀರಿ, ಗೊಂಚಲನ್ನು ಹಿತ್ತಲಲ್ಲಿ ಹೂತು ದೀಪ ಹಚ್ಚಿದ್ದೆ.

ನಿನ್ನೆ ತಂಗಿ ಫೋನ್ ಮಾಡಿದ್ದಳು. "ಅಕ್ಕಾ, ಎರಡ ತಿಂಗಳಿಗೆ ನನ್ನ ಹೊಟ್ಟಿ ಎಷ್ಟ್ ದೊಡ್ಡದಾಗೇತಿ" ಎಂದು ನಕ್ಕಳು.

ನನಗೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಅವಳನ್ನು ಈ ಪತ್ರ ತಲುಪಿದ ದಿನವೇ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗು. ಅಂದು ನೀನು ದ್ರಾಕ್ಷಿಯ ನೆಪದಲ್ಲಿ ಹೂತದ್ದು ಏನೆಂದು ಅಲ್ಲಿನ ಡಾಕ್ಟರಿಗೆ ಹೇಳು.

ನಿನ್ನ ಮಗಳು,
ಪ್ರಾಜಕ್ತಾ